ಕರಿ ಕಂಬಕ್ಕೆ ಬಿಳಿ ಬೊಟ್ಟು

ಕಳೆದ ಫೆಬ್ರುವರಿಯ ಮೂರನೆಯ ಸೋಮವಾರ ಬೆಳಿಗ್ಗೆ, ಪೋಲೆಂಡ್ ದೇಶದ ದಕ್ಷಿಣಕ್ಕಿರುವ ಸಿಲೇಸಿಯಾ ಪ್ರಾಂತದ ಒಂದು ಕಾರ್ಖಾನೆಯಲ್ಲಿ, ಯಾವ ದೋಷವೂ ಇಲ್ಲದ ಗ್ರಾಫೈಟ್ ಕಂಬವೊಂದನ್ನು ಕ್ರೇನ್ ಎತ್ತಿಕೊಂಡು ಒಡೆದು ಪುಡಿ ಮಾಡುವ ಅಂಗಳದ ಕಡೆಗೆ ಹೋಯಿತು. ಕಲ್ಲಿದ್ದಲಿನಿಂದ ತಯಾರಾದ ಆ ಕಂಬವನ್ನು ಹಿರೇಬೆಂಡಿಗೇರಿಯ ಸವಿತಾಳ ನೌಕರಿ ನಂಬಿಕೊಂಡಿತ್ತು. ಅದು ಆ ಅಂಗಳದ ದಾರಿ ಹಿಡಿಯಲು ಕಾರಣಳಾದವಳೂ ಸವಿತಾಳೇ. ಆ ಹೊತ್ತಿನಲ್ಲಿ ಅಲ್ಲಿದ್ದವರ ಪೈಕಿ ಕಾರಣ ಗೊತ್ತಿದ್ದದ್ದು ನನಗೊಬ್ಬಳಿಗೆ.

ನಾನು ಗಿರಿಜಾ, ಬಂಕಾಪುರದವಳು. ಹುಬ್ಬಳ್ಳಿಯ ದಿನಪತ್ರಿಕೆಯೊಂದರಲ್ಲಿ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಸುದ್ದಿ ನೋಡಿಕೊಳ್ಳುತ್ತೇನೆ. ಕಲ್ಲಿದ್ದಲು ಗಣಿ ಮುಚ್ಚುತ್ತಿರುವ ಊರುಗಳನ್ನು ತೋರಿಸಲು ಬೇರೆ ಬೇರೆ ದೇಶಗಳ ಪತ್ರಕರ್ತರನ್ನು ಅಲ್ಲಿಗೆ ಕರೆಸಿದ್ದರು. ನಾನು ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದವಳು ಎಂಬ ಒಂದೇ ಕಾರಣಕ್ಕೆ ಸಂಪಾದಕರು ನನ್ನನ್ನು ಕಳಿಸಿದರು. ಗಣಿಗಳ ವರದಿ ಆಗಲೇ ಪತ್ರಿಕೆಯಲ್ಲಿ ಬಂದಿದೆ. ಇಲ್ಲಿ ಬರೆಯುತ್ತಿರುವುದು ಆ ತಿರುಗಾಟ ಮುಗಿದ ಮೇಲೆ ಸವಿತಾಳ ಮನೆಯಲ್ಲಿ ಉಳಿದ ದಿನಗಳ ಬಗ್ಗೆ.

ಸವಿತಾ ಮತ್ತು ನಾನು ಶಿಗ್ಗಾವಿಯ ಕಾಲೇಜಿನಲ್ಲಿ ಒಂದೇ ಬೆಂಚಿನವರು, ಪ್ರಯೋಗಾಲಯದಲ್ಲಿ ಒಂದೇ ಬರ್ನರಿನವರು. ನಮ್ಮದು ಎಣ್ಣೆ, ಕಾಳುಕಡಿ ಅಂಗಡಿಯ ಮನೆತನ. ಅವಳ ಅಪ್ಪ ಹೊಲದ ಕೂಲಿ ಮಾಡಿ ಮಕ್ಕಳನ್ನು ಓದಿಸಿದವರು. ಅವರ ಮನೆಯ ಗೋಡೆಯ ಮೇಲೆ ಇದ್ದದ್ದು ಬುದ್ಧನ ಪಟ ಒಂದೇ. ಪ್ರಾಕ್ಟಿಕಲ್ ಪರೀಕ್ಷೆಗಳಲ್ಲಿ ನನಗೆ ಅವಳಿಗಿಂತ ಹೆಚ್ಚು ಅಂಕ ಬರುತ್ತಿದ್ದವು. ಇದನ್ನು ಇಲ್ಲಿ ಹೇಳುವ ಅಗತ್ಯವಿಲ್ಲ. ಆದರೂ ಹೇಳಿದ್ದೇನೆ.

ಧಾರವಾಡದಲ್ಲಿ ಎಂ.ಎಸ್ಸಿ. ಸೀಟು ಇಬ್ಬರಿಗೂ ಸಿಕ್ಕಿತು. ಅವಳು ಹೋದಳು, ನಾನು ಪತ್ರಿಕೆ ಸೇರಿದೆ. ಅವಳು ಅಲ್ಲಿಂದ ಶಿಷ್ಯವೇತನದ ಮೇಲೆ ಪೋಲೆಂಡಿಗೆ ಹೋಗಿ, ಕಲ್ಲಿದ್ದಲಿನಿಂದ ಗ್ರಾಫೈಟ್ ಮಾಡುವ ವಿಷಯದಲ್ಲೇ ಡಾಕ್ಟರೇಟ್ ಪಡೆದು, ಈ ಕಾರ್ಖಾನೆಗೆ ಬಂದಳು.

ಕ್ರಾಕೋವ್ ವಿಮಾನ ನಿಲ್ದಾಣ

ನಾನು ಹೊರಡುವ ಹಿಂದಿನ ದಿನ ಸವಿತಾಳ ತಾಯಿ ರತ್ನವ್ವ ಹಿರೇಬೆಂಡಿಗೇರಿಯಿಂದ ಬಂಕಾಪುರಕ್ಕೆ ಬಂದು ಎರಡು ಗಂಟು ಕೊಟ್ಟಿದ್ದರು. ಒಂದರಲ್ಲಿ ಸವಣೂರಿನ ಕುರುಕಲು ಖಾರ, ಇನ್ನೊಂದರಲ್ಲಿ ಗುರೆಳ್ಳು ಚಟ್ನಿಪುಡಿ.

"ಇದನ್ನ ಜ್ವಾಕಿ ಮಾಡಿ ಮುಟ್ಟಸವಾ" ಎಂದಿದ್ದರು. "ಆ ದೇಶದಾಗ ಮಂದೀನೂ ಬೆಳ್ಳಗ, ಊಟಾನೂ ಬೆಳ್ಳಗ ಅಂತ. ನಮ್ಮ ಹುಡಿಗೀಗೆ ನಾಲಿಗಿ ಸತ್ತು ಹೋಗಿರ್ತೈತಿ."

ಸುಂಕದ ಅಧಿಕಾರಿ ಪೆಟ್ಟಿಗೆ ತೆಗೆಸಿದ. ಖಾರದ ಗಂಟನ್ನು ಬಿಟ್ಟ. ಗುರೆಳ್ಳಿನ ಗಂಟು ಬಿಚ್ಚಿದೊಡನೆ ಅವನ ಹುಬ್ಬು ಮೇಲೇರಿತು. ಎಣ್ಣೆ ಬಿಟ್ಟುಕೊಂಡ ಕರಿ ಪುಡಿ, ಬೆಳ್ಳುಳ್ಳಿಯ ಘಾಟು. ಇದು ಏನು ಎಂದು ಕೇಳಿದ. ಬೀಜ ಎಂದೆ. ಯಾವ ಬೀಜ? ಗುರೆಳ್ಳಿಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆ ಎಂಬುದು ರಸಾಯನಶಾಸ್ತ್ರ ಓದಿದವಳಿಗೂ ಆ ಕ್ಷಣಕ್ಕೆ ಹೊಳೆಯಲಿಲ್ಲ. ಅವನು ಇನ್ನೊಬ್ಬನನ್ನು ಕರೆದ. ಇಬ್ಬರೂ ಬಗ್ಗಿ ಮೂಸಿದರು. ಎರಡನೆಯವನು ಬೆರಳ ತುದಿಯಲ್ಲಿ ಒಂದಿಷ್ಟು ನಾಲಿಗೆಗೆ ಹಚ್ಚಿಕೊಂಡ. ಅವನ ಕಿವಿ ಕೆಂಪಗಾದವು. ಇಬ್ಬರೂ ಏನೋ ಮಾತಾಡಿಕೊಂಡು, ಹೋಗು ಹೋಗು ಎಂದು ಕೈ ಬೀಸಿದರು. ನನ್ನ ಹಿಂದೆ ಸರದಿಯಲ್ಲಿ ನಿಂತಿದ್ದವರಲ್ಲಿ ಒಬ್ಬರೂ ಗೊಣಗಲಿಲ್ಲ. ನಮ್ಮ ಶಿಗ್ಗಾವಿ ಬಸ್ ನಿಲ್ದಾಣದಲ್ಲಿ ಇಷ್ಟು ಹೊತ್ತು ಯಾರಾದರೂ ಬಾಗಿಲಿಗೆ ಅಡ್ಡ ನಿಂತಿದ್ದರೆ ಅವರ ಮೂರು ತಲೆಮಾರಿನ ವಿಚಾರಣೆ ಆಗುತ್ತಿತ್ತು.

ಹಲಿನಾ ಅವರ ಹೊಸ್ತಿಲು

ಸವಿತಾ ಇರುವುದು ಹಲಿನಾ ಎಂಬ ವಯಸ್ಸಾದ ಹೆಂಗಸಿನ ಮನೆಯ ಮೇಲಿನ ಕೋಣೆಯಲ್ಲಿ. ಅವರ ಗಂಡ ಗಣಿಯಲ್ಲಿ ದುಡಿದು ತೀರಿಕೊಂಡವರು. ಬೀದಿಯುದ್ದಕ್ಕೂ ಗಣಿ ಕೆಲಸದವರಿಗೆಂದೇ ಕಟ್ಟಿದ ಒಂದೇ ಅಳತೆಯ ಇಟ್ಟಿಗೆ ಮನೆಗಳು, ಕಿಟಕಿಯ ಚೌಕಟ್ಟಿಗೆ ಕೆಂಪು ಬಣ್ಣ. ಹಿಮ ಬಿದ್ದು ಬೆಳ್ಳಗಾಗಿದ್ದ ಬೀದಿಯ ಎರಡೂ ಅಂಚುಗಳಲ್ಲಿ ಹಿಮ ಕರ್ರಗಾಗಿತ್ತು.

ನಾನು ಗುಲಾಬಿ ಹೂ ಕೊಂಡೊಯ್ದಿದ್ದೆ, ನಾಲ್ಕು. ಹಲಿನಾ ಬಾಗಿಲು ತೆಗೆದಾಗ ಹೊರಗೆ ನಿಂತೇ ನಗುತ್ತ ಹೂವು ಚಾಚಿದೆ. ಅವರು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ಒಂದು ಹೆಜ್ಜೆ ಸರಿದರು.

ಒಳಗಿನಿಂದ ಸವಿತಾ ಕೂಗಿದಳು: "ಏ ಗಿರಿಜಾ, ಹೊಸ್ತಿಲದ ಮ್ಯಾಲೆ ಕೊಡಬ್ಯಾಡಲೇ! ಒಳಗ ಬಾ ಮೊದಲ. ಇಲ್ಲಿ ಹೊಸ್ತಿಲ ದಾಟಸಿ ಕೈ ಸೈತ ಕೊಡಂಗಿಲ್ಲ. ನಿಮ್ಮ ಅಜ್ಜೀನ್ನ ಮರತೀಯೇನ?"

ನನ್ನ ಅಜ್ಜಿ ಹೊಸ್ತಿಲ ಮೇಲೆ ನಿಂತು ಏನನ್ನೂ ಕೊಡಲು, ತೆಗೆದುಕೊಳ್ಳಲು ಬಿಡುತ್ತಿರಲಿಲ್ಲ. ಅದು ಬಂಕಾಪುರದ ಓಣಿಯ ಪದ್ಧತಿ ಎಂದೇ ನಾನು ತಿಳಿದಿದ್ದೆ. ಒಳಗೆ ಹೋಗಿ ಬೂಟು ಬಿಚ್ಚಿ, ಅತಿಥಿಗಳಿಗೆಂದು ಇಟ್ಟಿದ್ದ ಉಣ್ಣೆಯ ಚಪ್ಪಲಿ ಮೆಟ್ಟಿ ಹೂ ಕೊಟ್ಟೆ. ಹಲಿನಾ ಹೂವುಗಳನ್ನು ಎಣಿಸಿ ಒಂದನ್ನು ಹೊರಗೆ ತೆಗೆದು ನನಗೇ ವಾಪಸು ಕೊಟ್ಟರು. ಜೋಡಿ ಸಂಖ್ಯೆಯ ಹೂ ಸತ್ತವರಿಗಂತೆ. ಬದುಕಿದ್ದವರಿಗೆ ಒಂಟಿ ಸಂಖ್ಯೆ. ಮದುವೆಯ ಮುಯ್ಯಿಗೆ ನೂರರ ಮೇಲೆ ಒಂದು ರೂಪಾಯಿ ಸೇರಿಸುವ ನಾಡಿನಿಂದ ಬಂದ ನನಗೆ ಇದು ಹೊಳೆಯಬೇಕಿತ್ತು.

ಹಲಿನಾ ಅವಳನ್ನು 'ಸವಿತ್ಕಾ' ಎನ್ನುತ್ತಾರೆ. ಕೊರಳಿಗೆ ಉಣ್ಣೆ ಸುತ್ತಿಕೊಳ್ಳದೆ ಹೊರಗೆ ಹೋದದ್ದಕ್ಕೆ ಬೈದರು. ಅವಳು ಅವರದೇ ಭಾಷೆಯಲ್ಲಿ ಏನೋ ತಿರುಗಿ ಹೇಳಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಏನೆಂದು ಕೇಳಿದೆ. "ಏನಿಲ್ಲಲೇ, ನಿನಗ ತಿಳಿಯಂಗಿಲ್ಲ" ಎಂದಳು. ನನಗೆ ಮೊದಲ ಬಾರಿ ಹೊಟ್ಟೆಯಲ್ಲಿ ಕಿಚ್ಚು ಬಿದ್ದದ್ದು ಆಗ. ಪತ್ರಿಕೆಯ ಕೆಲಸದಲ್ಲಿ ಎಲ್ಲ ಊರಿನ ತಮಾಷೆಯೂ ನನಗೆ ತಿಳಿಯುತ್ತದೆ. ಇದು ತಿಳಿಯಲಿಲ್ಲ.

ಶಿಗ್ಗಾವಿಯಲ್ಲಿ ಓದುವಾಗ ಸವಿತಾಳಿಗೆ ಬಾಡಿಗೆ ಕೋಣೆ ಸಿಗಲಿಲ್ಲ ಎಂಬುದನ್ನೂ ದಾಖಲಿಸಬೇಕು. ಮಾಲೀಕರು ಮೊದಲು ಊರು ಕೇಳುತ್ತಿದ್ದರು, ಆಮೇಲೆ ಕೇರಿ ಕೇಳುತ್ತಿದ್ದರು. ಹೀಗಾಗಿ ಮೂರು ವರ್ಷವೂ ಬಸ್ಸಿನಲ್ಲೇ ಓಡಾಡಿದಳು. ನನಗೆ ಕೇಳಿದ ಮೊದಲ ಮನೆಯಲ್ಲೇ ಕೋಣೆ ಸಿಕ್ಕಿತ್ತು.

ಊಟಕ್ಕೆ ಆಲೂಗಡ್ಡೆಯ ಉಂಡೆಗಳು ಬಂದವು, ನಡುವೆ ಹೆಬ್ಬೆರಳಿನಿಂದ ಒತ್ತಿದ ಗುಳಿ. ಆ ಗುಳಿಯಲ್ಲಿ ಮಾಂಸದ ರಸ ತುಂಬುವುದು ಅಲ್ಲಿನ ರೂಢಿ. ನನಗೆ ಬೆಣ್ಣೆ ಹಾಕಿದರು. ಸವಿತಾ ಎಲ್ಲದರ ಮೇಲೂ ಗುರೆಳ್ಳು ಉದುರಿಸಿ ಕಣ್ಣು ಮುಚ್ಚಿ ತಿಂದಳು. ಆಮೇಲೆ ನಿಂಬೆಹೋಳು ಹಾಕಿದ ಗಾಜಿನ ಲೋಟದ ಚಹಾ ಹಿಡಿದು ವಿಷಯಕ್ಕೆ ಬಂದಳು.

"ಮಾರ್ಚ್ ಕಡೀಗೆ ನನ್ನ ಕರಾರು ಮುಗೀತೈತಿ, ಗಿರಿಜಾ. ಸೋಮವಾರ ನನ್ನ ಕಂಬ ಉಕ್ಕಿನ ಕಾರ್ಖಾನಿಗೆ ಹೋಗತೈತಿ. ಅಲ್ಲಿ ಪಾಸಾತು ಅಂದ್ರ ನೌಕರಿ ಖಾಯಂ."

"ಆಗಲಿಲ್ಲಂದ್ರ?"

"ಕರಾರು ಇಲ್ಲ, ವೀಸಾ ಇಲ್ಲ. ಗಂಟುಮೂಟಿ ಕಟ್ಟೂದ."

"ಊರಿಗೆ ಬಂದು ಏನ್ ಮಾಡ್ತಿ?"

"ಹಾನಗಲ್‌ನ್ಯಾಗೋ ಹಿರೇಕೆರೂರಾಗೋ ಅತಿಥಿ ಉಪನ್ಯಾಸಕಿ. ಪರೀಕ್ಷಾ ಬಂತಂದ್ರ ಅತಿಥೀನ ಮನಿಗೆ ಕಳಸ್ತಾರಲ್ಲ, ಆ ನೌಕರಿ" ಎಂದು ನಕ್ಕಳು. ನಗುವಾಗ ಲೋಟವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು.

ಕಾರ್ಖಾನೆ, ಶುಕ್ರವಾರ

ಕಾರ್ಖಾನೆಯ ಬಾಗಿಲಲ್ಲಿ ಅವಳ ಹೆಲ್ಮೆಟ್ಟು ಗೂಟಕ್ಕೆ ನೇತು ಹಾಕಿತ್ತು. ಅದರ ಮೇಲೆ ಅವಳ ಹೆಸರು ಬರೆದಿತ್ತು. ನನಗೆ ಕೊಟ್ಟ ಹೆಲ್ಮೆಟ್ಟಿನ ಮೇಲೆ ಅಲ್ಲಿನ ಭಾಷೆಯಲ್ಲಿ 'ಅತಿಥಿ' ಎಂದಿತ್ತು. ಹಿಂದಿನ ದಿನದ ಮಾತು ನೆನಪಾಗಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ದಾರಿಯಲ್ಲಿ ಎದುರಾದ ಕೆಲಸಗಾರರೆಲ್ಲ ಅವಳಿಗೆ ತಲೆಬಾಗಿ 'ಪಾನಿ ಡಾಕ್ಟರ್' ಎನ್ನುತ್ತಿದ್ದರು. ಡಾಕ್ಟರಮ್ಮ ಎಂದ ಹಾಗೆ.

ಕಲ್ಲಿದ್ದಲನ್ನು ನಾವು ಸುಡುವ ವಸ್ತು ಎಂದಷ್ಟೇ ತಿಳಿದಿದ್ದೇವೆ. ಇಲ್ಲಿ ಅದನ್ನು ಸುಡುವುದಿಲ್ಲ. ಗಾಳಿ ತಾಕದಂತೆ ಮುಚ್ಚಿದ ಒಲೆಯಲ್ಲಿ ಕಾಯಿಸುತ್ತಾರೆ. ಆಗ ಅದರಿಂದ ದಪ್ಪನೆಯ ಕರಿ ರಸ ಇಳಿಯುತ್ತದೆ. ಅದು ಕಲ್ಲಿದ್ದಲಿನ ಡಾಂಬರು. ನಮ್ಮ ದುಂಡಸಿ ರಸ್ತೆಗೆ ಆಗಾಗ ಬಳಿಯುವ ಡಾಂಬರು ಈಗ ಬರುವುದು ಪೆಟ್ರೋಲಿಯಮ್ಮಿನಿಂದ, ಇದು ಅದಲ್ಲ. ಈ ಡಾಂಬರನ್ನು ಬಟ್ಟಿ ಇಳಿಸಿದರೆ ಗಾಜಿನಂತೆ ಗಟ್ಟಿಯಾದ ಪಿಚ್ ಉಳಿಯುತ್ತದೆ. ಪಿಚ್ಚನ್ನು ಇನ್ನೂ ಕಾಯಿಸಿದರೆ ಬೆಂದು ಕೋಕ್ ಎಂಬ ಗಟ್ಟಿ ಇದ್ದಿಲು ಆಗುತ್ತದೆ. ಮುಂದಿನದನ್ನು ಸವಿತಾ ಹೀಗೆ ಹೇಳಿದಳು:

"ಶೇಂಗಾ ಉಂಡಿ ಕಟ್ಟೂದು ಗೊತ್ತಿಲ್ಲೇನ? ಕೋಕ್ ಅಂದ್ರ ಶೇಂಗಾ. ಪಿಚ್ ಅಂದ್ರ ಬೆಲ್ಲದ ಪಾಕ. ಬಿಸಿ ಇದ್ದಾಗ ಕಲಸಿ ಒತ್ತಿ ಕಂಬ ಮಾಡೂದು. ಪಾಕ ಹದ ತಪ್ಪಿತಂದ್ರ ಉಂಡಿ ಉದರತೈತಿ, ಕಂಬ ಸೀಳತೈತಿ. ಎರಡಕ್ಕೂ ಅದ ತ್ರಾಸ."

ಹಾಗೆ ಒತ್ತಿದ ಕಂಬವನ್ನು ಕೋಕ್ ಪುಡಿಯಲ್ಲಿ ಹೂತು ವಾರಗಟ್ಟಲೆ ಬೇಯಿಸುತ್ತಾರೆ. ಆಮೇಲೆ ಅದರೊಳಗೇ ವಿದ್ಯುತ್ತು ಹರಿಸಿ, ಮೂರು ಸಾವಿರ ಡಿಗ್ರಿಯ ಹತ್ತಿರಕ್ಕೆ ಕಾಯಿಸುತ್ತಾರೆ. ಅಷ್ಟು ಕಾವಿನಲ್ಲಿ ಅಡ್ಡಾದಿಡ್ಡಿ ಇದ್ದ ಇಂಗಾಲದ ಕಣಗಳು ಪದರ ಪದರವಾಗಿ ಹೊಂದಿಕೊಳ್ಳುತ್ತವೆ. ಆಗ ಅದು ಗ್ರಾಫೈಟ್, ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಅದೇ ವಸ್ತು. ಇಂಥ ಕಂಬಗಳನ್ನು ಕುಲುಮೆಯೊಳಗೆ ಇಳಿಬಿಟ್ಟು ವಿದ್ಯುತ್ತಿನ ಕಿಡಿಯಿಂದ ಹಳೇ ಕಬ್ಬಿಣ ಕರಗಿಸುತ್ತಾರೆ. ಕಂಬ ನಡುವೆ ಮುರಿದರೆ ಉಕ್ಕಿನ ಕಾರ್ಖಾನೆಯ ಕೆಲಸ ನಿಲ್ಲುತ್ತದೆ. ಕೋಕ್ ಮತ್ತು ಪಿಚ್ ಎರಡನ್ನೂ ಅಲ್ಲಿನ ಕಲ್ಲಿದ್ದಲಿನಿಂದಲೇ ತೆಗೆದು ಮಾಡುವ ಹೊಸ ಬಗೆಯ ಕಂಬ ಸವಿತಾಳದ್ದು. ಬೇರೆ ಕಡೆಯಿಂದ ಕೋಕ್ ತರಿಸುವುದು ತಪ್ಪಿದರೆ ಮುಚ್ಚಿದ ಗಣಿಯೊಂದರ ಅರ್ಧದಷ್ಟು ಜನಕ್ಕಾದರೂ ಕೆಲಸ ಸಿಕ್ಕೀತು ಎಂದು ಆ ಊರು ಲೆಕ್ಕ ಹಾಕಿತ್ತು.

ಮೂರು ಕಂಬ ಮಾಡಿದ್ದರು. ಮೂರೂ ಒಂದು ಶೆಡ್ಡಿನಲ್ಲಿ ಹಲಗೆಗಳ ಮೇಲೆ ಮಲಗಿದ್ದವು. ಒಂದೊಂದೂ ಆಳಿಗಿಂತ ಉದ್ದ, ಹಳೆಯ ಹುಣಸೆ ಬೊಡ್ಡೆಯಷ್ಟು ದಪ್ಪ. ಶೆಡ್ಡಿನ ಮೇಸ್ತ್ರಿ ಮಾರೆಕ್, ದಪ್ಪ ಮೀಸೆಯ ಮನುಷ್ಯ, ಕೈಯಲ್ಲಿ ಸಣ್ಣ ಸುತ್ತಿಗೆ ಹಿಡಿದಿದ್ದ. ಮೊದಲ ಕಂಬಕ್ಕೆ ಬಡಿದ. ಠಪ್ ಎಂದು ಸತ್ತ ದನಿ. ಎರಡನೆಯದಕ್ಕೆ ಬಡಿದ. ಅದೂ ಹಾಗೇ. ಎರಡೂ ಒಳಗೆ ಸೀಳಿದ್ದವು. ಎರಡರ ತಲೆಯ ಮೇಲೂ ಸುಣ್ಣದ ಕಡ್ಡಿಯಿಂದ ಇಟ್ಟ ಬಿಳಿ ಬೊಟ್ಟುಗಳಿದ್ದವು.

"ಬಿಳೀ ಬೊಟ್ಟು ಅಂದ್ರ ಕೆಟ್ಟ ಮಾಲು ಅಂತ ಹೇಳಾಕತ್ತಾನ" ಎಂದು ಸವಿತಾ ಅವನ ಮಾತನ್ನು ತಿಳಿಸಿದಳು. "ಕ್ರೇನಿನಾಂವ ಬೊಟ್ಟು ನೋಡಿ ಒಯ್ದು ಒಡದ ಹಾಕ್ತಾನ. ಪುಡಿ ಮಾಡಿ ಮತ್ತ ಕಲಸೂದು."

ಮೂರನೆಯದಕ್ಕೆ ಮಾರೆಕ್ ಬಡಿದಾಗ ಇಡೀ ಶೆಡ್ಡು ಗಂಟೆ ಬಾರಿಸಿದ ಹಾಗೆ ಝಣ್ ಎಂದಿತು. ನಾದ ನಿಲ್ಲುವವರೆಗೂ ಅವನು ಸುತ್ತಿಗೆಯನ್ನು ಕೆಳಗಿಳಿಸಲಿಲ್ಲ. ಸವಣೂರಿನ ಸಂತೆಯಲ್ಲಿ ಹೆಂಗಸರು ಗಡಿಗೆಗೆ ಬೆರಳಿನಿಂದ ಬಡಿದು ಕಿವಿಗೊಡುವಾಗ ಮುಖದಲ್ಲಿ ಇಂಥದ್ದೇ ಗಾಂಭೀರ್ಯ ಇರುತ್ತದೆ. ಅವನು ಸುಣ್ಣದ ಕಡ್ಡಿಯನ್ನು ಹಲಗೆಯ ಮೇಲಿಟ್ಟು ಊಟಕ್ಕೆ ಹೋದ.

ನಾನು ಕಂಬದ ಮೇಲೆ ಕೈ ಆಡಿಸಿದೆ. ತಣ್ಣಗೆ, ನುಣ್ಣಗೆ ಇತ್ತು. ಅಂಗೈಗೆ ಬೆಳ್ಳಿಯಂಥ ಕಪ್ಪು ಹತ್ತಿತು. ನನ್ನ ಹದಿನಾರು ವರ್ಷದ ಕೆಲಸದಲ್ಲಿ ಹೀಗೆ ಕೈಯಿಂದ ಮುಟ್ಟಬಹುದಾದದ್ದು ಒಂದೂ ಇಲ್ಲ ಎಂಬ ಯೋಚನೆ ಬಂತು. ಮರುದಿನಕ್ಕೆ ಎಲ್ಲವೂ ರದ್ದಿ.

"ಎಷ್ಟ ಚಂದ ಐತೆಲೇ ಸವಿತಾ!" ಎಂದೆ. "ಇಷ್ಟ ಚಂದದ್ದು ನಾ ಎಲ್ಲೂ ನೋಡಿಲ್ಲ."

"ಬಾಯಿ ಮುಚ್ಚ ಮೊದಲ!" ಎಂದಳು. "ನಿನ್ನ ಕಣ್ಣ ಮೊದಲಿಂದಾನೂ ಚಲೋ ಇಲ್ಲ. ಸೆಕೆಂಡ್ ಇಯರ್‌ನ್ಯಾಗ ನನ್ನ ಬ್ಯುರೆಟ್ ಹೊಸಾದು ಭಾಳ ಚಂದ ಐತಿ ಅಂದಿ. ಮರುದಿನಾನ ಒಡೀತು."

"ಇಲ್ಲಿ ಎಲ್ಲಾನೂ ಕರೀದ ಐತಿ. ದೃಷ್ಟಿ ಎಲ್ಲಿ ತಾಗತೈತಿ?"

"ಬೆಳ್ಳನ ಕೂಸಿಗೆ ಕರೀ ಬೊಟ್ಟು. ಕರೀದಕ್ಕ ಬಿಳೀ ಬೊಟ್ಟು" ಎನ್ನುತ್ತ ಮಾರೆಕ್ ಬಿಟ್ಟುಹೋದ ಸುಣ್ಣದ ಕಡ್ಡಿ ತೆಗೆದುಕೊಂಡು ಕಂಬದ ತಲೆಯ ಮೇಲೆ ಒಂದು ಬೊಟ್ಟು ಇಟ್ಟಳು. ಹೊಲದಲ್ಲಿ ಕರಿ ಗಡಿಗೆಗೆ ಸುಣ್ಣದ ಬೊಟ್ಟಿಟ್ಟು ಗೂಟಕ್ಕೆ ಕವುಚುವುದನ್ನು ಇಬ್ಬರೂ ನೋಡುತ್ತ ಬೆಳೆದವರು. "ನಮ್ಮಪ್ಪ ಇದ್ದಿದ್ರ ಈಗ ಬೆನ್ನ ಮ್ಯಾಲೆ ಬಾರಸ್ತಿದ್ದ. ಡಾಕ್ಟರ್ ಆಗಿ ಮೂಢನಂಬಿಕಿ ಮಾಡಾಕತ್ತೀಯೇನ ಅಂತ. ಇರ್ಲಿ, ನೀ ಬಂದೀಯಲ್ಲ, ಯಾವದಕ್ಕೂ ಇರ್ಲಿ. ಹೋಗೂ ಮುಂದ ಒರಸಿದ್ರಾತು."

ಇಬ್ಬರೂ ನಕ್ಕೆವು. ನಾನು ಅವಳಷ್ಟು ಜೋರಾಗಿ ನಗಲಿಲ್ಲ. ಅಷ್ಟರಲ್ಲಿ ಅವಳ ಫೋನು ರಿಂಗಾಯಿತು, ಮುಖ್ಯಸ್ಥರು ಕರೆದಿದ್ದರು. ಸುಣ್ಣದ ಕಡ್ಡಿಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಮಾತಾಡುತ್ತಲೇ ಹೊರಟಳು. ನಾನು ಹಿಂದೆ ನಡೆದೆ.

ಭಾನುವಾರ, ಕೆಂಪು ದೀಪ

ಭಾನುವಾರ ಆ ಊರಿನ ಅಂಗಡಿಗಳು ಮುಚ್ಚಿರುತ್ತವೆ. ರಸ್ತೆ ದಾಟುವಲ್ಲಿ ಕೆಂಪು ದೀಪ ಇತ್ತು. ಎರಡೂ ಕಡೆ ಕಣ್ಣು ಹಾಯುವವರೆಗೆ ಒಂದು ಗಾಡಿಯೂ ಇಲ್ಲ. ನಾಯಿ ಹಿಡಿದುಕೊಂಡ ಒಬ್ಬ ಮುದುಕ, ಅವನ ನಾಯಿ, ಸವಿತಾ, ಎಲ್ಲರೂ ನಿಂತರು. ನಾನು ನಡೆದೆ. ಹಿಂತಿರುಗಿ ನೋಡಿದಾಗ ಆ ಮೂವರೂ ನನ್ನನ್ನು ನೋಡುತ್ತಿದ್ದರು. ಬಂಕಾಪುರದ ಹೆದ್ದಾರಿ ಕ್ರಾಸಿನಲ್ಲಿ ಲಾರಿಗಳ ನಡುವೆ ದಾಟಿ ಬೆಳೆದ ನನಗೆ ಖಾಲಿ ರಸ್ತೆಯ ನಡುವೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

"ಹಂಗ್ಯಾಕ ಓಡ್ತಿ? ಎಲ್ಲಿಗೆ ಹೋಗೂದೈತಿ ನಿನಗ?" ಎಂದಳು ಸವಿತಾ, ದೀಪ ಹಸಿರಾದ ಮೇಲೆ ಬಂದು.

ಮುಚ್ಚಿದ ಗಣಿಯೊಂದರ ಕಬ್ಬಿಣದ ಗೋಪುರವನ್ನು ಅವರು ಕೆಡವಿಲ್ಲ, ಬಣ್ಣ ಹಚ್ಚಿ ದೀಪ ಹಾಕಿದ್ದಾರೆ. ಶಾಲಾ ಮಕ್ಕಳು ಸಾಲಾಗಿ ನೋಡಲು ಬರುತ್ತಾರಂತೆ. ಮಾಳಿಗೆಗಳ ಮೇಲೆ ಗಣಿ ಕೆಲಸದವರು ಸಾಕಿದ ಪಾರಿವಾಳಗಳ ಗೂಡುಗಳಿದ್ದವು. ನಮ್ಮ ಬಂಕಾಪುರದ ಕೋಟೆಯ ಬುಡದಲ್ಲಿ ನವಿಲುಗಳಿವೆ ಎಂದು ಹೇಳಿದೆ. ಸವಿತಾ ಹೌದೌದು ಎಂದಳು. ಅತಿಥಿಗೆ ಹೇಳುವ ಹಾಗೆ ಹೇಳಿದಳು ಎಂದು ನನಗೆ ಅನ್ನಿಸಿತು. ಅವಳು ಹಾಗೆ ಹೇಳಿರಲಿಕ್ಕಿಲ್ಲ. ಆ ಹೊತ್ತಿಗೆ ನನಗೆ ಅವಳ ಎಲ್ಲದರ ಮೇಲೂ ಕಣ್ಣು ಬಿದ್ದಿತ್ತು: ಅವಳ ಹೆಲ್ಮೆಟ್ಟು, ಅವಳ ಭಾಷೆ, ದೀಪಕ್ಕಾಗಿ ಕಾಯುವ ಅವಳ ತಾ‌ಳ್ಮೆ, ಬೇಯಲು ವಾರಗಟ್ಟಲೆ ಹಿಡಿಯುವ ಅವಳ ಕೆಲಸ.

ಸಂಜೆ ರತ್ನವ್ವ ವಿಡಿಯೊ ಕರೆ ಮಾಡಿದರು. ಫೋನಿನಲ್ಲಿ ಕಂಡದ್ದು ಅವರ ಹಣೆ ಮತ್ತು ಮನೆಯ ಜಂತಿ.

"ಚಟ್ನಿ ಮುಟ್ಟಿತೇನವಾ?"

"ಮುಟ್ಟಿತಬೇ. ಅರ್ಧಾ ತಿಂದಾತು."

"ನಾಳೆ ಐತೆಲ್ಲ ನಿಂದು? ಅದ, ಆ ಕರೀ ಕಂಬದ್ದು?"

"ಹೂಂ. ನಾಳೆ ಲಾರಿಗೆ ಏರಸ್ತೀವಿ."

"ಆಗತೈತಿ ತಗೋ. ಗಿರಿಜಾನೂ ಅಲ್ಲೇ ಅದಾಳಲ್ಲ, ಆಧಾರಕ್ಕ" ಎಂದರು. ಆಮೇಲೆ ನನ್ನತ್ತ ತಿರುಗಿ, "ನೀನೂ ಇಕಿ ಸಂಗಾಟ ಕಲ್ತಾಕಿ. ನಿನಗೂ ಅಲ್ಲೇ ಏನರ ನೌಕರಿ ಸಿಗಂಗಿಲ್ಲೇನವಾ?" ಎಂದು ಕೇಳಿದರು.

ಪತ್ರಿಕೆಯಲ್ಲಿ ನನಗೆ ಒಳ್ಳೆಯ ನೌಕರಿ ಇದೆ ಎಂದೆ. ಅವರು "ಹೌದಲ್ಲ, ಅದೂ ಐತಿ" ಎಂದರು.

ಸೋಮವಾರ, ಅಂಗಳ

ಲಾರಿ ಬೆಳಿಗ್ಗೆ ಬಂತು. ಸವಿತಾ ಕಚೇರಿಯಲ್ಲಿ ಕಾಗದಪತ್ರಗಳಿಗೆ ಸಹಿ ಹಾಕಿಸುತ್ತಿದ್ದಳು. ನನ್ನನ್ನು ಶೆಡ್ಡಿನ ಹೊರಗೆ, ನೆಲದ ಮೇಲೆ ಬಳಿದ ಹಳದಿ ಗೆರೆಯ ಆಚೆ ನಿಲ್ಲಿಸಿದ್ದರು. ಅತಿಥಿಗಳು ಆ ಗೆರೆ ದಾಟುವಂತಿಲ್ಲ.

ಕ್ರೇನು ಮೊದಲ ಕಂಬವನ್ನು ಎತ್ತಿಕೊಂಡು ಎಡಕ್ಕೆ, ಒಡೆಯುವ ಅಂಗಳಕ್ಕೆ ಹೋಯಿತು. ಎರಡನೆಯದನ್ನೂ ಒಯ್ಯಿತು. ಅಂಗಳದಿಂದ ದೊಡ್ಡ ಉಕ್ಕಿನ ಗುಂಡು ಬೀಳುವ ಸದ್ದು ಎರಡು ಸಲ ಕೇಳಿಸಿತು. ಮೂರನೆಯದನ್ನು ಎತ್ತಿತು. ಲಾರಿ ಇದ್ದದ್ದು ಬಲಕ್ಕೆ. ಕ್ರೇನು ಎಡಕ್ಕೆ ತಿರುಗಿತು.

ಕಂಬದ ತಲೆ ನನ್ನ ಕಡೆಗಿತ್ತು. ಬೊಟ್ಟು ಚೆನ್ನಾಗಿ ಕಾಣುತ್ತಿತ್ತು.

ನಾನು ತಕ್ಷಣ ಕೂಗಲಿಲ್ಲ. ವರದಿಗಾರರು ಕಣ್ಣೆದುರಿನ ಘಟನೆಯಲ್ಲಿ ಕೈ ಹಾಕಬಾರದು ಎಂಬ ನಿಯಮವನ್ನು ನಮಗೆ ಮೊದಲ ವರ್ಷವೇ ಕಲಿಸುತ್ತಾರೆ. ಅದು ನನಗೆ ಆಗ ಬಹಳ ಅನುಕೂಲವಾಗಿ ನೆನಪಾಯಿತು. ಹಾನಗಲ್ಲಿನ ಕಾಲೇಜಿನ ಮೊಗಸಾಲೆಯಲ್ಲಿ ಸವಿತಾ ಹಾಜರಿ ಪುಸ್ತಕ ಹಿಡಿದು ನಡೆಯುವುದು ಕಣ್ಣಿಗೆ ಕಂಡಿತು. ರವಿವಾರಕ್ಕೊಮ್ಮೆ ಅವಳು ನಮ್ಮ ಮನೆಗೆ ಬರುತ್ತಾಳೆ, ಇಬ್ಬರೂ ಸರಿಸಮ ಕುಳಿತು ಚಹಾ ಕುಡಿಯುತ್ತೇವೆ. ಆ ಚಿತ್ರ ನನಗೆ ಹಿತವಾಗಿತ್ತು. ಕ್ರೇನು ಶೆಡ್ಡಿನ ಅರ್ಧ ಉದ್ದ ದಾಟುವವರೆಗೂ ಅದನ್ನು ನೋಡುತ್ತ ನಿಂತಿದ್ದೆ.

ಆಮೇಲೆ ಕೂಗಿದೆ. ಬಾಯಿಂದ ಬಂದದ್ದು ಇಂಗ್ಲಿಷಲ್ಲ.

"ಏ ಯಣ್ಣಾ! ನಿಂದರೋ! ಒಯ್ಯಬ್ಯಾಡೋ, ಅದು ಚಲೋ ಐತೀ!"

ಕ್ರೇನಿನವನಿಗೆ ಕೇಳಿಸಲಿಲ್ಲ. ನಾನು ಹಳದಿ ಗೆರೆ ದಾಟಿ ಓಡಿದೆ. ಎಲ್ಲೋ ಕರ್ಕಶವಾಗಿ ಭೋಂಗಾ ಕೂಗಿತು. ಕ್ರೇನು ನಿಂತಿತು, ಕಂಬ ಗಾಳಿಯಲ್ಲಿ ತೂಗಾಡಿತು. ಮಾರೆಕ್ ಬಂದು ನನ್ನ ತೋಳು ಹಿಡಿದು ಗೆರೆಯ ಆಚೆ ಎಳೆದೊಯ್ದ. ನಾನು ಕಂಬದ ಬೊಟ್ಟು ತೋರಿಸುತ್ತ 'ಸವಿತ್ಕಾ, ಸವಿತ್ಕಾ' ಎನ್ನುತ್ತಿದ್ದೆ. ಅವರ ಭಾಷೆಯಲ್ಲಿ ನನಗೆ ಗೊತ್ತಿದ್ದ ಹೆಸರು ಅದೊಂದೇ.

ಸವಿತಾ ಕಚೇರಿಯಿಂದ ಓಡಿಬಂದಳು, ಹಿಂದೆ ಮುಖ್ಯಸ್ಥರು. ಅವಳು ತಲೆ ಎತ್ತಿ ಬೊಟ್ಟು ನೋಡಿದಳು. ಕೋಟಿನ ಜೇಬಿನಲ್ಲಿ ಕೈ ಹಾಕಿ ಸುಣ್ಣದ ಕಡ್ಡಿ ಹೊರಗೆ ತೆಗೆದಳು.

"ಯಾರು ಇಟ್ಟದ್ದು ಅಂತ ಕೇಳಾಕತ್ತಾರ" ಎಂದಳು ನನಗೆ, ಮೆಲ್ಲಗೆ. ಆಮೇಲೆ ತಿರುಗಿ ಅವರಿಗೆ ಉತ್ತರಿಸಿದಳು. ತನ್ನ ಎದೆಗೆ ಬೆರಳು ಮುಟ್ಟಿಸಿ ಹೇಳಿದ್ದರಿಂದ ಏನು ಹೇಳಿದಳೆಂದು ನನಗೂ ತಿಳಿಯಿತು. ಮುಖ್ಯಸ್ಥರು ಇನ್ನೇನೋ ಕೇಳಿದರು. ಅವಳು ಬಹಳ ಹೊತ್ತು ವಿವರಿಸಿದಳು. ಒಮ್ಮೆ ತನ್ನ ಕೆನ್ನೆಯ ಮೇಲೆ ಬೊಟ್ಟಿಡುವಂತೆ ಮಾಡಿ ತೋರಿಸಿದಳು, ಒಮ್ಮೆ ನನ್ನ ಕಣ್ಣು ತೋರಿಸಿದಳು. ಡಾಕ್ಟರೇಟ್ ಪಡೆದ ಹೆಂಗಸು ಮೂರು ಸಾವಿರ ಡಿಗ್ರಿಯಲ್ಲಿ ಬೆಂದ ಕಂಬಕ್ಕೆ ದೃಷ್ಟಿಬೊಟ್ಟು ಇಟ್ಟದ್ದನ್ನು ವಿದೇಶಿ ಅಧಿಕಾರಿಗೆ ತಿಳಿಸಿ ಹೇಳುತ್ತಿದ್ದಳು. ಮುಖ್ಯಸ್ಥರು ನಗಲಿಲ್ಲ.

ಮಾರೆಕ್ ಮೀಸೆಯಡಿ ಏನೋ ಹೇಳಿದ. ಸುತ್ತಲಿದ್ದವರು ತಲೆ ಆಡಿಸಿದರು.

"ಏನಂತ?" ಎಂದೆ.

"ಇವರ ಕಡೆ ಕೂಸಿನ ಗಾಡಿಗೆ ಕೆಂಪು ರಿಬ್ಬನ್ ಕಟ್ತಾರಂತ, ದೃಷ್ಟಿ ಆಗಬಾರದಂತ. ಇಂವ ತನ್ನ ಮೊಮ್ಮಗಳಿಗೆ ಕಟ್ಟ್ಯಾನಂತ. ಮುಂದಿನ ಸಲ ರಿಬ್ಬನ್ ಕಟ್ಟು, ಕ್ರೇನಿನಾಂವಗ ರಿಬ್ಬನ್ ತಿಳಿಯಂಗಿಲ್ಲ ಅನ್ನಾಕತ್ತಾನ."

ಬೊಟ್ಟಿಟ್ಟ ಮಾಲನ್ನು ಹಾಗೇ ಲಾರಿಗೆ ಏರಿಸುವ ನಿಯಮ ಇರಲಿಲ್ಲ. ಕಂಬವನ್ನು ಕೆಳಗಿಳಿಸಿ ಮತ್ತೆ ಪರೀಕ್ಷೆ ಮಾಡಿದರು, ಯಂತ್ರದಿಂದ ಒಮ್ಮೆ, ಸುತ್ತಿಗೆಯಿಂದ ಒಮ್ಮೆ. ಸುತ್ತಿಗೆಯ ನಾದ ಕೇಳುವ ಭಾಗ್ಯ ನನಗೆ ಸಿಗಲಿಲ್ಲ. ಹಳದಿ ಗೆರೆ ದಾಟಿದ್ದಕ್ಕೆ ನನ್ನ ಕೊರಳಿನ ಗುರುತಿನ ಚೀಟಿ ಕಿತ್ತುಕೊಂಡು, ಹೆಲ್ಮೆಟ್ಟು ತೆಗೆಸಿ, ಹೊರಗೆ ಕಳಿಸಿದರು. ಗೇಟಿನ ಹೊರಗೆ ಹಿಮದಲ್ಲಿ ನಿಂತು ಕಾಲು ಕುಣಿಸುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಲಾರಿ ನನ್ನ ಮುಂದೆಯೇ ಹೋಯಿತು. ಮೇಲೆ ಒಂದೇ ಕಂಬ, ಬೆಲ್ಟುಗಳಿಂದ ಬಿಗಿದಿತ್ತು. ಬೊಟ್ಟು ಒರೆಸಿದ್ದರು.

ಸಂಜೆ ಹಲಿನಾ ಅವರ ಅಡುಗೆಮನೆಯಲ್ಲಿ ಸವಿತಾ ನನ್ನ ಎದುರು ಕುಳಿತಳು.

"ನೀ ಯಾವಾಗಿಂದ ನೋಡಾಕತ್ತಿದ್ದಿ?" ಎಂದು ಕೇಳಿದಳು.

"ಕ್ರೇನ್ ಎತ್ತಿದಾಗಿಂದ."

"ಅಲ್ಲಿಂದ ಅರ್ಧಾ ಶೆಡ್ ದಾಟಿತ್ತದು."

"ಹೂಂ."

ಅವಳು ಚಹಾದ ಲೋಟದಲ್ಲಿ ಚಮಚೆ ತಿರುವುತ್ತ ಕುಳಿತಳು. ಹಲಿನಾ ಒಲೆಯ ಕಡೆ ತಿರುಗಿ ನಿಂತಿದ್ದರು.

"ಕಡೀಕ ಕೂಗಿದಿ" ಎಂದಳು. "ಕೂಗಲಿಲ್ಲಂದಿದ್ರ ನಿನ್ನ ಪೆಟಗಿ ಇಷ್ಟೊತ್ತಿಗೆ ಬೀದ್ಯಾಗ ಇರ್ತಿತ್ತು. ನಿನ್ನನ್ನೂ ಅದರಾಗ ಹಾಕಿ ಒಗೀತಿದ್ದೆ."

"ಪೆಟ್ಟಿಗಿ ಸಣ್ಣದೈತಿ."

"ಮುರದು ಹಾಕ್ತಿದ್ದೆ" ಎಂದಳು. ಗುರೆಳ್ಳು ಚಟ್ನಿಯ ಡಬ್ಬಿಯನ್ನು ನನ್ನ ತಟ್ಟೆಯ ಹತ್ತಿರ ಸರಿಸಿದಳು. ಆ ವಿಷಯವನ್ನು ಅವಳು ಮತ್ತೆ ಎತ್ತಲಿಲ್ಲ. ವಿಮಾನ ನಿಲ್ದಾಣಕ್ಕೆ ಕಳಿಸಲು ಬಂದಾಗಲೂ ಎತ್ತಲಿಲ್ಲ.

ಬಂಕಾಪುರ

ಊರಿಗೆ ಬಂದ ಮೇಲೆ ತಿಳಿದುಬಂದ ಸಂಗತಿಗಳು ಇವು. ಉಕ್ಕಿನ ಕಾರ್ಖಾನೆಯ ಕುಲುಮೆಯಲ್ಲಿ ಕಂಬ ಮುರಿಯಲಿಲ್ಲ; ಸಾಮಾನ್ಯವಾಗಿ ಸವೆಯುವಷ್ಟೇ ಸವೆಯಿತು. ಅವರು ಅದೇ ಬಗೆಯ ಇನ್ನಷ್ಟು ಕಂಬಗಳನ್ನು ಕೇಳಿದ್ದಾರೆ. ಮಾರ್ಚ್ ಮುಗಿಯುವ ಮೊದಲೇ ಸವಿತಾಳ ನೌಕರಿ ಖಾಯಂ ಆಯಿತು. ರತ್ನವ್ವ ಹಿರೇಬೆಂಡಿಗೇರಿಯಲ್ಲಿ ಓಣಿಗೆಲ್ಲ ಪೇಡೆ ಹಂಚಿದರು. ನಮ್ಮ ಮನೆಗೂ ಒಂದು ಡಬ್ಬಿ ಬಂತು.

ನಮ್ಮ ಪತ್ರಿಕೆಯಲ್ಲಿ ಈ ಸುದ್ದಿ ಶಿಗ್ಗಾವಿ ತಾಲ್ಲೂಕಿನ ಪುಟದಲ್ಲಿ ಎರಡು ಕಾಲಂ ಬಂದಿದೆ. ಬರೆದವಳು ನಾನೇ. ತಲೆಬರಹವೂ ನನ್ನದೇ.

ಕಳೆದ ವಾರ ಬೇರೊಂದು ವರದಿಗಾಗಿ ಶಿಗ್ಗಾವಿಯ ನಮ್ಮ ಕಾಲೇಜಿಗೆ ಹೋಗಿದ್ದೆ. ರಸಾಯನಶಾಸ್ತ್ರ ವಿಭಾಗದ ಗೋಡೆಗೆ ಸವಿತಾಳ ಫೋಟೊ ಹಾಕಿದ್ದಾರೆ, ಕೆಳಗೆ ಅವಳ ಹೆಸರು ಮತ್ತು ದೇಶದ ಹೆಸರು. ಅಂತಿಮ ವರ್ಷದ ಗುಂಪು ಚಿತ್ರದಿಂದ ಅವಳೊಬ್ಬಳನ್ನೇ ಕತ್ತರಿಸಿ ದೊಡ್ಡದು ಮಾಡಿಸಿದ್ದಾರೆ. ಅವಳ ಎಡ ಭುಜದ ಮೇಲೆ ಹಸಿರು ಬಳೆ ತೊಟ್ಟ ಒಂದು ಕೈ ಮಣಿಕಟ್ಟಿನವರೆಗೆ ಹಾಗೇ ಉಳಿದಿದೆ. ಆ ಕೈ ನನ್ನದು.